ಸೈಕಲ್ಲಿಗೊಂದು ಅಂಗಿ

ನಮ್ಮಪ್ಪ ತನಗೊಂದು ಹೊಸ ಅಂಗಿ ಹೊಲಿಸಿಕೊಳ್ಳುವ ಮೊದಲು ಸೈಕಲ್ಲಿಗೆ ಅಂಗಿ ಹೊಲಿಸಿದ. 1978ರಲ್ಲಿ ದಾವಣಗೆರೆಯಲ್ಲಿ ಕೊಂಡ ಕರಿ ಅಟ್ಲಾಸ್ ಸೈಕಲ್ಲನ್ನು ನಮ್ಮೂರು ಬಿಳಿಚೋಡಿನವರೆಗೆ ತುಳಿದುಕೊಂಡೇ ತಂದನಂತೆ. ಬಸ್ಸಿನ ಟಾಪಿಗೆ ಹಾಕಿದರೆ ಬಣ್ಣ ತರಚೀತು ಎಂಬ ಭಯ. ಕೊಳವೆಗಳಿಗೆ ಸುತ್ತಿ ಬಂದಿದ್ದ ಕಂದು ಕಾಗದವನ್ನು ಬಿಚ್ಚಲು ಯಾರಿಗೂ ಬಿಡಲಿಲ್ಲ. ಮೊದಲ ಮುಂಗಾರಿಗೆ ಅದು ನೆನೆದು ತಾನೇ ಕಳಚಿಬಿದ್ದಾಗ, ಮಲಗಿದ ಕೂಸಿನ ಹೊದಿಕೆ ಜಾರಿದಷ್ಟು ಗಾಬರಿಯಾಗಿ ಟೇಲರ್ ಹತ್ತಿರ ಓಡಿದ.

ಕಡುಕೆಂಪು ಮಖಮಲ್ಲು. ಸೀಟಿನಿಂದ ಹ್ಯಾಂಡಲ್ಲಿಗೆ ಹೋಗುವ ಬಾರಿಗೊಂದು ಉದ್ದ ತೋಳು, ಅದಕ್ಕೆ ಟಿಚ್ ಬಟನ್ನು. ಸೀಟಿಗೆ ಅದೇ ಬಟ್ಟೆಯ ಟೋಪಿ, ಅಂಚಿಗೆ ಹಳದಿ ಕುಚ್ಚು. ಎರಡೂ ಗಾಲಿಗಳ ನಡುವಿನ ಹಬ್ಬುಗಳಿಗೆ ಬಣ್ಣದ ನೂಲಿನ ಬಳೆ. ಗಾಲಿ ತಿರುಗಿದಂತೆಲ್ಲ ಅದು ಅಲ್ಲೇ ಉರುಳಿ ಹಬ್ಬನ್ನು ತಾನೇ ಒರೆಸುತ್ತಿತ್ತು. ಇಡೀ ಸೈಕಲ್ಲಿನ ಅಲಂಕಾರದಲ್ಲಿ ಕೆಲಸ ಮಾಡಿ ಉಣ್ಣುತ್ತಿದ್ದದ್ದು ಆ ಬಳೆಯೊಂದೇ ಎಂದು ಈಗ ಅನ್ನಿಸುತ್ತದೆ. ಅವ್ವ ಅದನ್ನೆಲ್ಲ ನೋಡಿ, "ನನ್ನ ಮದುವಿ ಕುಪ್ಪಸಕ್ಕೂ ಇಷ್ಟು ಅರಿವಿ ಹಿಡಿದಿರಲಿಲ್ಲ" ಎಂದಿದ್ದಳು.

ಆ ಮಖಮಲ್ಲಿನ ಮೇಲೆ ನನ್ನ ಜಾಗ. ಬಾರಿನ ಮೇಲೆ ಅಡ್ಡ ಕೂತರೆ ಕುಂಡೆ ನೋಯುತ್ತದೆಂದು ಅಪ್ಪ ಹೆಗಲ ಟವೆಲ್ಲನ್ನೂ ಅದರ ಮೇಲೆ ಸುತ್ತುತ್ತಿದ್ದ. ಬೇಸಿಗೆಯಲ್ಲಿ ಆ ಟವೆಲ್ಲು ಅಪ್ಪನ ಬೆವರು ಕುಡಿದು, ನನ್ನ ಬೆವರು ಕುಡಿದು, ಮನೆಗೆ ಬಂದ ಮೇಲೂ ಅಲ್ಲೇ ಉಳಿಯುತ್ತಿತ್ತು.

ಮಖಮಲ್ಲು ಸಾಲದ ಕಡೆಗೆ ಹಳೇ ಟ್ಯೂಬು. ಇದರಲ್ಲಿ ಅಪ್ಪ ನಿಜವಾದ ಕಸುಬುದಾರ. ಪಂಕ್ಚರ್ ಮೇಲೆ ಪಂಕ್ಚರ್ ಹಾಕಿಸಿಕೊಂಡು ಸತ್ತ ಟ್ಯೂಬನ್ನು ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಪುಡಿ ಒರೆಸಿ, ಎರಡು ಬೆರಳಗಲದ ಪಟ್ಟಿ ಮಾಡುತ್ತಿದ್ದ. ಹಿಂದಿನ ಗಾಲಿಯ ಕಡೆಯಿಂದ ಶುರುಮಾಡಿ, ರಬ್ಬರನ್ನು ಚೆನ್ನಾಗಿ ಎಳೆದು, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಬರುವ ಹಾಗೆ ಸುತ್ತಿ, ಕೊನೆಯ ತುದಿಯನ್ನು ಹಿಂದಿನ ಸುತ್ತಿನ ಕೆಳಗೆ ತೂರಿಸಿ ಜಗ್ಗಿದರೆ ಮುಗಿಯಿತು. ಸಲ್ಯೂಷನ್ ಹಚ್ಚುತ್ತಿರಲಿಲ್ಲ. ಕರೆಂಟಿನವರ ಕರಿ ಟೇಪು ಅಪ್ಪನಿಗೆ ಆಗದು: ನಮ್ಮ ಬಿಸಿಲಿಗೆ ಅದರ ಅಂಟು ಕರಗಿ ಚಡ್ಡಿಗೆ ಹತ್ತುತ್ತಿತ್ತು, ಆಮೇಲೆ ಬಯ್ಯಿಸಿಕೊಳ್ಳುವವನು ನಾನು. ಹಾಲಿನ ಕ್ಯಾನಿನ ಕೊಂಡಿ ಉಜ್ಜುವಲ್ಲಿ, ಬೀಗದ ಸರಪಳಿ ಬಡಿಯುವಲ್ಲಿ, ಗೋಡೆಗೆ ಒರಗಿಸಿದಾಗ ತಾಗುವಲ್ಲಿ, ಎಲ್ಲೆಲ್ಲೂ ಟ್ಯೂಬಿನ ಪಟ್ಟಿ. ಅಕ್ಕನ ಉಗುರುಬಣ್ಣಕ್ಕೂ ಕೈ ಹಾಕಿದ್ದ. ಬಣ್ಣ ಚಕ್ಕೆ ಎದ್ದಲ್ಲಿ ಒಂದೊಂದು ಹನಿ ಇಟ್ಟರೆ ತುಕ್ಕು ಮುಂದೆ ಹಬ್ಬುವುದಿಲ್ಲ. ಉಪಾಯ ಸರಿಯಾದದ್ದೇ, ಆದರೆ ಅಕ್ಕನ ಬಾಟಲಿಯಲ್ಲಿದ್ದದ್ದು ಕೆಂಪು. ಕರಿ ಸೈಕಲ್ಲಿನ ಮೈತುಂಬ ಕೆಂಪು ಬೊಟ್ಟು ಕಂಡವರು ಆಯುಧಪೂಜೆ ಕಳೆದು ಎಷ್ಟು ದಿನವಾದರೂ ಕುಂಕುಮ ಅಳಿಸಿಲ್ಲವಲ್ಲ ಎನ್ನುತ್ತಿದ್ದರು.

ಆ ಕರಿ ಬಣ್ಣಕ್ಕೂ ಒಂದು ಕುಲಗೋತ್ರವಿದೆ. ಸೈಕಲ್ಲು ಇಂಗ್ಲೆಂಡಿನಲ್ಲಿ ಈಗಿನ ಆಕಾರಕ್ಕೆ ಬಂದದ್ದು 1885ರಲ್ಲಿ, ಸ್ಟಾರ್ಲಿಯ ರೋವರಿನೊಂದಿಗೆ. ಗಾಳಿ ತುಂಬಿದ ಟಯರನ್ನು ಡನ್‌ಲಪ್ ಮಾಡಿದ್ದು 1888ರಲ್ಲಿ. ಅದಾಗದೇ ಇದ್ದಿದ್ದರೆ ಅಪ್ಪನಿಗೆ ಸೀಳಲು ಟ್ಯೂಬೇ ಇರುತ್ತಿರಲಿಲ್ಲ. ಆಗಿನ ಉಕ್ಕಿನ ಕೊಳವೆಗಳಿಗೆ ಹಚ್ಚುತ್ತಿದ್ದ ಕರಿ ಮೆರುಗಿಗೆ 'ಜಪಾನ್' ಎಂದೇ ಹೆಸರು, ಆ ದೇಶದ ಅರಗಿನ ಕೆಲಸದ ನಕಲು ಅದು. ಡಾಂಬರಿನ ಜಾತಿಯ ಕರಿ ಅಂಟನ್ನು ಅಗಸೆ ಎಣ್ಣೆಯಲ್ಲಿ ಬೆರೆಸಿ, ಬಳಿದು, ಒಲೆಯಲ್ಲಿಟ್ಟು ಬೇಯಿಸುತ್ತಿದ್ದರು. ಅಗ್ಗ, ಗಟ್ಟಿ. ಸೈಕಲ್ಲುಗಳೆಲ್ಲ ಎಮ್ಮೆಯ ಬಣ್ಣದವಾದದ್ದು ಹೀಗೆ.

ಅಗಸೆ ಎಣ್ಣೆಯ ವಿಷಯ ನಮ್ಮೂರಿನ ಬಡಿಗ್ಯಾರ ಅಜ್ಜನಿಗೆ ಇಂಗ್ಲೆಂಡಿನ ಸಹಾಯವಿಲ್ಲದೆ ಗೊತ್ತಿತ್ತು. ಗಾಡಿಯ ಅಚ್ಚಿಗೆ ಹರಳೆಣ್ಣೆ, ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ; ಮರದ ಮೈಗೆ ಅಗಸೆ ಎಣ್ಣೆ. ಮಖಮಲ್ಲು ತೊಟ್ಟ ಸೈಕಲ್ಲನ್ನು ಮೊದಲ ಸಲ ಕಂಡಾಗ ಅಜ್ಜ ನಗಲಿಲ್ಲ. "ಲೇ ತಮ್ಮಾ, ಕಬ್ಬಿಣಕ್ಕೆ ಅಂಗಿ ಹಾಕಬ್ಯಾಡ. ಅಗಸಿ ಎಣ್ಣಿ ಒರಸು, ಬರೀ ಮೈಲೆ ಬಿಡು. ಅದು ಉಸಿರಾಡಬೇಕು" ಅಂದ. ಕಬ್ಬಿಣಕ್ಕೆ ಉಸಿರು ಬೇಡ. ಗಾಳಿ, ನೀರು ಎರಡೂ ಸೋಕದಿದ್ದರೇ ಅದಕ್ಕೆ ಕ್ಷೇಮ. ಆದರೆ ಅಜ್ಜ ಹೇಳಿದ್ದು ನೆನೆದ ಕಬ್ಬಿಣ ಬೇಗ ಒಣಗಬೇಕೆಂಬ ಮಾತು. ಅಪ್ಪನಿಗೆ ಅದು ಹೊಟ್ಟೆಕಿಚ್ಚಿನ ಮಾತಾಗಿ ಕೇಳಿತು.

ಹಾಗೆಂದು ಎಣ್ಣೆ ಹಚ್ಚಲಿಲ್ಲ ಎಂದಲ್ಲ. ಅಗಸೆಯ ಬದಲು ಮನೆಯಲ್ಲಿದ್ದ ಶೇಂಗಾ ಎಣ್ಣೆ ಹಚ್ಚಿದ. ಎರಡೂ ಎಣ್ಣೆಯೇ ಅಲ್ಲವೇ? ಅಲ್ಲ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ತೆಳ್ಳನೆಯ ಪೊರೆಯಾಗುತ್ತದೆ. ಉಕ್ಕಿನ ಸೈಕಲ್ ಕಟ್ಟುವವರು ಕೊಳವೆಗಳ ಒಳಗೂ ಅದನ್ನು ಹುಯ್ದು ಆಡಿಸುವುದುಂಟು. ಶೇಂಗಾ ಎಣ್ಣೆ ಎಷ್ಟು ದಿನವಾದರೂ ಒಣಗದೆ ಅಂಟಂಟಾಗಿ, ಜಗಳೂರು ರಸ್ತೆಯ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ಆ ಧೂಳನ್ನು ಒರೆಸುವಾಗ ಮರಳುಕಾಗದದಿಂದ ಉಜ್ಜಿದ ಹಾಗೆ. (ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ. ಗಟ್ಟಿಯಾಗುವಾಗ ಅದು ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.)

ನಮ್ಮದು ಮಲೆನಾಡಲ್ಲ. ಜಗಳೂರು ಸೀಮೆಯ ಒಣಗಾಳಿಯಲ್ಲಿ ಸೈಕಲ್ಲು ಸುಮ್ಮನೆ ನಿಂತರೆ ತುಕ್ಕು ಹಿಡಿಯುವುದು ನಿಧಾನ. ತುಕ್ಕನ್ನು ನಾವೇ ಸಾಕಿಕೊಂಡದ್ದು. ಆಯುಧಪೂಜೆಗೆ ಕೊಡಗಟ್ಟಲೆ ನೀರು ಸುರಿದು ತೊಳೆದು, ಮೇಲೆ ಒರೆಸಿ, ಸೀಟಿನ ಕೊಳವೆಯೊಳಗೆ ಇಳಿದ ನೀರನ್ನು ಮರೆತೆವು. ತಲೆಕೆಳಗು ಮಾಡಿ ಬಿಸಿಲಿಗೆ ಬಿಟ್ಟಿದ್ದರೆ ಸಾಕಿತ್ತು. ಪೊಟ್ಯಾಷ್ ಚೀಲವನ್ನು ಬಾರಿನ ಮೇಲೆ ಅಡ್ಡ ಹಾಕಿಕೊಂಡು ಹೊಲಕ್ಕೆ ಹೋದೆವು. ಅದು ಉಪ್ಪಿನ ತಮ್ಮ; ತೇವ ಸಿಕ್ಕರೆ ಕಬ್ಬಿಣವನ್ನು ಮೆಲ್ಲುತ್ತದೆ. ಉದುರಿದ ಪುಡಿಯೆಲ್ಲ ಮಖಮಲ್ಲಿನ ಎಳೆಗಳಲ್ಲಿ ಕೂತಿತು.

ಇದೆಲ್ಲ ನೆನಪಾಗಲು ಕಾರಣ ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ. ಅವನ ಗುಡ್ಡ ಹತ್ತುವ ಸೈಕಲ್ಲಿನ ಕೊಳವೆಗಳಿಗೆ ಕಣ್ಣಿಗೆ ಕಾಣದಂಥ ಒಂದು ಹಾಳೆ ಅಂಟಿಸಿದ್ದಾನೆ. "ಮಾವ, ಇದು ಹೆಲಿಕಾಪ್ಟರ್ ಟೇಪು" ಅಂದ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ಮರಳು ಸವೆಸದಿರಲೆಂದು ಅಮೆರಿಕದ 3ಎಂ ಕಂಪನಿ ಮಾಡಿದ ಪಾಲಿಯುರೆಥೇನ್ ಹಾಳೆಯ ವಂಶವಂತೆ. ಅದಕ್ಕೆ ಕೊಟ್ಟ ದುಡ್ಡನ್ನು ಹೇಳಿದ; ನಾನು ಅವ್ವನಿಗೆ ಹೇಳಲಿಲ್ಲ. ಆಮೇಲೆ ಬಗ್ಗಿ ನೋಡುತ್ತೇನೆ, ಹಿಂದಿನ ಗಾಲಿಯ ಪಕ್ಕದ ಕೊಳವೆಗೆ ಟ್ಯೂಬಿನ ಪಟ್ಟಿ! ಕಲ್ಲುಹಾದಿಯಲ್ಲಿ ಚೈನು ಕುಣಿದು ಅಲ್ಲಿಗೆ ಬಡಿಯುತ್ತದೆ, ಅದಕ್ಕೆ ಲೋಕದ ತುಂಬ ಎಲ್ಲರೂ ಹೀಗೇ ಹಳೇ ಟ್ಯೂಬು ಸುತ್ತುತ್ತಾರೆ ಎಂದ. ಅರ್ಧದ ಮೇಲೆ ಅರ್ಧ ಸುತ್ತು, ತುದಿ ಒಳಗೆ ತೂರಿಸಿ ಜಗ್ಗಿದ್ದು. ಯಾರೂ ಹೇಳಿಕೊಡದೆ ತಾತನ ಕೈ ಅವನಿಗೆ ಬಂದಿತ್ತು.

ಊರಿಗೆ ಬಂದವನೇ ಕೊಟ್ಟಿಗೆಯ ಅಟ್ಟದಿಂದ ಅಟ್ಲಾಸನ್ನು ಇಳಿಸಿದೆ. ಅದು ಮನೆಗೆ ಬಂದಾಗ ನಮ್ಮದು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗಲೂ ಅಪ್ಪ ಅದನ್ನೇ ತುಳಿಯುತ್ತಿದ್ದ. ಸರ್ಕಾರ 2006–07ರಲ್ಲಿ ಎಂಟನೇ ಕ್ಲಾಸಿನವರಿಗೆ ಸೈಕಲ್ಲು ಕೊಡಲು ಶುರುಮಾಡಿದಾಗ ಊರಿನ ಹುಡುಗಿಯರೂ ಪ್ಲಾಸ್ಟಿಕ್ ಸುತ್ತು ಬಿಚ್ಚದೆ ತಿಂಗಳುಗಟ್ಟಲೆ ಓಡಿಸಿದರು. ಅದನ್ನು ಕಂಡು ಅಪ್ಪ ತನ್ನ ಪಕ್ಷಕ್ಕೆ ಜನ ಸೇರಿದಂತೆ ಹಿಗ್ಗಿದ್ದ. ಹ್ಯಾಂಡಲ್ಲಿನ ಕೆಳಗಿನ ಬಿಲ್ಲೆಯಲ್ಲಿ ಭೂಮಿ ಹೊತ್ತ ಮನುಷ್ಯ ಇನ್ನೂ ಬಾಗಿ ನಿಂತಿದ್ದ. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಅವನ ಕಂಪನಿ ಮಾತ್ರ ಸಾಹಿಬಾಬಾದಿನ ಕಾರ್ಖಾನೆಯನ್ನು 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನದಂದೇ, ನಿಲ್ಲಿಸಿತು.

ಮಖಮಲ್ಲಿನ ಟಿಚ್ ಬಟನ್ನುಗಳು ತುಕ್ಕಿನಲ್ಲಿ ಒಂದಾಗಿದ್ದವು. ಕತ್ತರಿಸಿ ತೆಗೆದೆ. ಒಳಗೆ ನಾನು ಕೂರುತ್ತಿದ್ದ ಜಾಗದಲ್ಲಿ ಬಣ್ಣ ಗುಳ್ಳೆ ಎದ್ದು, ಚಕ್ಕೆ ಚಕ್ಕೆಯಾಗಿ ಕೈಗೆ ಬಂತು. ಕೆಳಗೆ ಸಿಡುಬಿನ ಮುಖದಂಥ ಕಬ್ಬಿಣ. ಟ್ಯೂಬಿನ ಪಟ್ಟಿ ಬಿಚ್ಚಿದಾಗ ಎರಡು ಬಗೆ ಕಂಡಿತು. ಬಿಗಿಯಾಗಿ ಉಳಿದಿದ್ದ ಕಡೆ 1978ರ ಕರಿ ಬಣ್ಣ ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಸಡಿಲವಾಗಿ ನೀರು ನುಗ್ಗಿದ ಕಡೆ ಮಖಮಲ್ಲಿನದೇ ಗತಿ. ಯಾರೂ ಅಂಗಿ ತೊಡಿಸದ, ಚೈನಿನ ಗ್ರೀಸು ಸಿಡಿದು ಜಿಡ್ಡಾಗಿದ್ದ ಕೊಳವೆಗೆ ಏನೂ ಆಗಿರಲಿಲ್ಲ. ಬಡಿಗ್ಯಾರ ಅಜ್ಜ ಗೆದ್ದಿದ್ದ, ಆದರೆ ಕೇಳಲು ಅಜ್ಜನೂ ಇಲ್ಲ, ಒಪ್ಪಲು ಅಪ್ಪನೂ ಇಲ್ಲ.

ಮರಳುಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಕರಿ ಎನಾಮೆಲ್ ಹಚ್ಚಿದ್ದೇನೆ. ಬೀಗ ಬಡಿಯುವ ಜಾಗಕ್ಕೆ, ಚೈನಿನ ಪಕ್ಕಕ್ಕೆ ಮಾತ್ರ ಟ್ಯೂಬು. ಅದನ್ನೂ ಮಳೆಗಾಲ ಮುಗಿದ ಮೇಲೆ ಬಿಚ್ಚಿ, ಒಣಗಿಸಿ, ಮತ್ತೆ ಸುತ್ತುತ್ತೇನೆ. ಮಖಮಲ್ಲನ್ನು ಅವ್ವ ಎಸೆಯಲು ಬಿಡಲಿಲ್ಲ, ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ. ನಿಮ್ಮ ಮನೆಯ ಸೈಕಲ್ಲಿಗೂ ಯಾರಾದರೂ ಪ್ರೀತಿಯಿಂದ ಏನಾದರೂ ಸುತ್ತಿಟ್ಟಿದ್ದರೆ, ಬರುವ ಮುಂಗಾರಿಗೆ ಮುಂಚೆ ಒಮ್ಮೆ ಬಿಚ್ಚಿ ನೋಡಿ.