ಹಂಚಿನ ಕಪ್ಪು, ಅಂಗಳದ ಹಸಿರು

ನಮ್ಮ ಮನೆಯ ಮಾಡನ್ನು ನಾನು ಮೇಲಿನಿಂದ ಮೊದಲ ಸಲ ನೋಡಿದ್ದು ಎರಡು ವರ್ಷದ ಹಿಂದೆ. ಕೊಟ್ಟಾರದಲ್ಲಿ ನಮ್ಮ ಪಕ್ಕದ ಹಿತ್ತಿಲು ಹೋಗಿ ಅಲ್ಲೊಂದು ಫ್ಲ್ಯಾಟು ಎದ್ದಿದೆ. ಅದರ ನಾಲ್ಕನೇ ಮಾಳಿಗೆಗೆ ಬಂದ ಗೆಳೆಯ ಗೃಹಪ್ರವೇಶಕ್ಕೆ ಕರೆದಿದ್ದ. ಬಾಲ್ಕನಿಯಿಂದ ಬಗ್ಗಿ ನೋಡ್ತೇನೆ... ಕೆಂಪು ಹಂಚು ಅಂತ ನಾನು ನಂಬಿಕೊಂಡು ಬಂದದ್ದು ಹಂಡೆಯ ತಳದ ಹಾಗೆ ಕಪ್ಪು! ಪಕ್ಕದಲ್ಲಿ ನಿಂತಿದ್ದವರೊಬ್ಬರು "ಆ ಹಳೇ ಮನೆ ಯಾರದ್ದು ಮಾರ್ರೆ?" ಅಂತ ಕೇಳಿದರು. ನಾನು ಕೇಳಿಸದವನ ಹಾಗೆ ಕಾಫಿ ಕುಡಿದೆ.

ಬೆಂಗಳೂರಿಗೆ ವಾಪಸಾದ ಮೇಲೂ ಆ ಕಪ್ಪು ತಲೆಯಿಂದ ಹೋಗಲಿಲ್ಲ. ಇಂಜಿನಿಯರಿಂಗ್ ಓದಿದವರಿಗೆ ಒಂದು ಕಾಯಿಲೆ ಇರುತ್ತದೆ, ಏನು ನೋಡಿದರೂ ಬಗ್ ಅನ್ನಿಸುವುದು. ಅಪ್ಪನಿಗೆ ಫೋನ್ ಮಾಡಿದೆ. "ಅದು ಹಂಚಿಗೆ ಎಂತ ಮಾಡುದಿಲ್ಲ. ಇಷ್ಟು ಮಳೆ ಕಂಡ ಹಂಚು ಕಪ್ಪಾಗದೆ ಇರ್ತದಾ?" ಅಂದರು. ನಾನು ಕೇಳಲಿಲ್ಲ. ಡಿಸೆಂಬರಿನಲ್ಲಿ ರಜೆ ಹಾಕಿ ಬಂದು, ಎಂಟು ಸಾವಿರ ಕೊಟ್ಟು ಪ್ರೆಶರ್ ವಾಷರ್ ತರಿಸಿದೆ. ಸಂಜೆಯೊಳಗೆ ಮಾಡು ಈಗಷ್ಟೇ ಗೂಡಿನಿಂದ ತೆಗೆದ ಹಂಚಿನ ಹಾಗೆ ಕೆಂಪಾಯಿತು. ಚಾವಡಿಯೊಳಗೆ ಎರಡು ಕಡೆ ನೀರು ತೊಟ್ಟಿಕ್ಕಿತು. ಅಮ್ಮ ಮಾತಾಡದೆ ಬಾಲ್ದಿ ತಂದಿಟ್ಟಳು.

ಆ ಖುಷಿಯಲ್ಲಿ ಇನ್ನೊಂದು ಮಾತೂ ಹೇಳಿಬಿಟ್ಟೆ. ಪ್ರತಿ ವರ್ಷ ಮೇ ಕೊನೆಗೆ ಅಂಗಳದಿಂದ ಬಾವಿಕಟ್ಟೆಯ ತನಕ ತೆಂಗಿನ ಮಡಲು ಹಾಸುವುದು ಅಪ್ಪನ ಕ್ರಮ. "ಈ ಸಲ ಮಡಲು ಗಿಡಲು ಬೇಡಪ್ಪ, ಮನೆ ಚಂದ ಕಾಣ್ತಾ ಉಂಟು" ಅಂದೆ. ಅಪ್ಪ ಹೂಂ ಅಂದರು. ಹಾಸಲಿಲ್ಲ.

ಜುಲೈಯಲ್ಲಿ, ಆಟಿ ಶುರುವಾಗಿ ನಾಲ್ಕು ದಿನ ಆಗಿತ್ತಷ್ಟೆ. ಬೆಳಿಗ್ಗೆ ಬಾವಿಯಿಂದ ಕೊಡಪಾನ ಹಿಡಿದು ಬರುವಾಗ ಅಮ್ಮ ಸಿಮೆಂಟಿನ ದಾರಿಯ ಪಾಚಿಯಲ್ಲಿ ಜಾರಿದಳು. ಬಲಗೈ ಊರಿ ಬಿದ್ದದ್ದಕ್ಕೆ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ನಾನು ಮೀಟಿಂಗಿನಲ್ಲಿದ್ದೆ, ಹೊರಗೆ ಬಂದಾಗ ಅಪ್ಪನ ಮೂರು ಮಿಸ್ಡ್ ಕಾಲ್. ರಾತ್ರಿ ಬಸ್ಸಿಗೆ ಬಂದೆ. ಅಪ್ಪ ಮಡಲಿನ ಮಾತೇ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಆ ಆರು ವಾರ ಮನೆಯಿಂದಲೇ ಕೆಲಸ ಮಾಡಿದೆ. ತೊಳೆಸುವ ಮೊದಲು ಓದಬೇಕಾಗಿದ್ದದ್ದನ್ನು ಆಗ ಓದಿದೆ. ಹಂಚಿನ ಮೇಲಿನ ಕಪ್ಪು ಬಹುಪಾಲು ಸೈನೋಬ್ಯಾಕ್ಟೀರಿಯಾ, ಅಂದರೆ ಶಾಲೆಯಲ್ಲಿ ಓದಿದ ನೀಲಿ-ಹಸಿರು ಪಾಚಿ. ಬಿಸಿಲು ತಡೆಯಲು ಅದು ಮೈಸುತ್ತ ಸ್ಕೈಟೊನೆಮಿನ್ ಎಂಬ ಕಂದು ಬಣ್ಣ ಕಟ್ಟಿಕೊಳ್ಳುತ್ತದೆ, ನಾವು ಸನ್‌ಸ್ಕ್ರೀನ್ ಹಚ್ಚಿದ ಹಾಗೆ. ಬೇಸಿಗೆಯಲ್ಲಿ ಒಣಗಿ ಸತ್ತಂತಿದ್ದು ಮಳೆ ಬಿದ್ದ ಕೂಡಲೇ ಏಳುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಲ್ಲಿ ಅದಕ್ಕೇನು ಕಮ್ಮಿ? ಹಾವಸೆ ದಪ್ಪಗೆ ಬೆಳೆದು ಸಂದಿನಲ್ಲಿ ನೀರು ಕಟ್ಟಿದರೆ ಸೋರಬಹುದು. ಬರೀ ಕಪ್ಪಾದರೆ ಹಂಚಿಗೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಬದಲಿಗೆ ಜೋರು ನೀರು ಹಂಚಿನ ಸುಟ್ಟ ನಯವನ್ನೇ ಕೆರೆದು ತೆಗೆಯುತ್ತದೆ. ತರಿಯಾದ ಮೈ ಪಾಚಿಗೆ ಇನ್ನೂ ಇಷ್ಟ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದಂದಿನಿಂದ ಈ ಹಂಚುಗಳು ಇದೇ ಮಳೆಯಲ್ಲಿ ಕಪ್ಪಾಗುತ್ತ ಮನೆ ಕಾಯ್ದಿವೆ. ನನಗೊಬ್ಬನಿಗೆ ಅವಸರ.

ಪ್ರೆಶರ್ ಬೇಡವಾದರೆ ಮಾಡಿನ ಕೋಡಿನಲ್ಲಿ ತಾಮ್ರದ ಪಟ್ಟಿ ಇಡುವ ಕ್ರಮವೂ ಉಂಟಂತೆ. ಅದರ ಮೇಲೆ ಹರಿದ ಮಳೆನೀರು ಕೆಳಗಿನ ಪಾಚಿಯನ್ನು ತಡೆಯುತ್ತದೆ. ಅಮ್ಮನಿಗೆ ಹೇಳಿದೆ. "ತಾಮ್ರವಾ? ರಾತ್ರಿ ಬೆಳಗಾಗುವಷ್ಟರಲ್ಲಿ ಗುಜರಿಗೆ ಹೋಗ್ತದೆ" ಅಂದಳು. ಪ್ಲಾಸ್ಟರ್ ಕೈಯಲ್ಲೂ ಅವಳದ್ದು ಅದೇ ಬಾಯಿ!

ನೋಡಬೇಕಾಗಿದ್ದದ್ದು ಕಾಲ ಕೆಳಗಿನ ಹಸಿರನ್ನು. ಬ್ಲೀಚಿಂಗ್ ಪೌಡರ್ ನೀರಲ್ಲಿ ಕಲಸಿ ದಾರಿಗೆ ಹಾಕಿ, ಕಾಲು ಗಂಟೆ ಬಿಟ್ಟು, ಹಿಡಿಸೂಡಿಯಲ್ಲಿ ತಿಕ್ಕಿದೆ. ಬಾವಿಯ ಕಡೆ ಹರಿಯದಂತೆ ಮೊದಲೇ ಮಣ್ಣಿನ ಒಡ್ಡು ಕಟ್ಟಿದ್ದೆವು. ಅಂಗಡಿಯವರು ಜೊತೆಗೆ ಆಸಿಡ್ಡೂ ಹಾಕಿ ಅಂದಿದ್ದರು. ದಯವಿಟ್ಟು ಹಾಗೆ ಮಾಡಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮಳೆ ಬಿಟ್ಟ ಮೇಲೆ ಬಿಸಿಲು ಬೀಳಲಿ ಅಂತ ಹಲಸಿನ ಎರಡು ಗೆಲ್ಲು ಕಡಿಸಿದೆವು. ಮಾಡಿನ ನೀರು ದಾರಿಗೆ ಬೀಳುತ್ತಿದ್ದದ್ದನ್ನು ದಂಬೆ ಕಟ್ಟಿ ಆಚೆ ತಿರುಗಿಸಿದೆವು.

ಈ ಮೇ ತಿಂಗಳಲ್ಲಿ ಎರಡು ದಿನ ರಜೆ ಹಾಕಿ ಬಂದೆ. ಅಪ್ಪ ಮಡಲು ಎಳೆದು ಕೊಟ್ಟರು, ನಾನು ಹಾಸಿದೆ. "ದಂಟು ಅಡ್ಡ ಬರ್ಲಿ, ಉದ್ದ ಇಟ್ರೆ ಜಾರ್ತದೆ" ಅಂತ ಒಂದು ಸಲ ತಿದ್ದಿದರು. ಬೇರೆ ಮಾತಿಲ್ಲ.

ಈಗ ಮತ್ತೆ ಆಟಿ. ಅಮ್ಮ ಕೊಡಪಾನವನ್ನು ಎಡಗೈಯಲ್ಲಿ ಹಿಡಿಯುವುದು ಅಭ್ಯಾಸ ಮಾಡಿಕೊಂಡಿದ್ದಾಳೆ. ಮಾಡು ಅಲ್ಲಲ್ಲಿ ಆಗಲೇ ಕಪ್ಪಾಗಿದೆ, ಗೆಳೆಯನ ಬಾಲ್ಕನಿಯಿಂದ ಚೆನ್ನಾಗಿ ಕಾಣುತ್ತದೆ. ಯಾರದ್ದು ಅಂತ ಯಾರಾದರೂ ಕೇಳಿದರೆ ಈ ಸಲ ನಮ್ಮದು ಅನ್ನುತ್ತೇನೆ.

ಅಂದಹಾಗೆ, ನಿಮ್ಮೂರಲ್ಲಿ ಮಳೆಗಾಲದ ಅಂಗಳಕ್ಕೆ ಏನು ಹಾಸುತ್ತೀರಿ? ಮಡಲಾ, ಅಡಿಕೆ ಸೋಗೆಯಾ? ಹೇಳಿ, ಅಪ್ಪನಿಗೂ ಓದಿ ಹೇಳುತ್ತೇನೆ.