ಹಳೇ ಗಾಡಿ ಇಟ್ಟುಕೊಂಡವರ ಜೊತೆ ನಾಲ್ಕು ಮಾತು

ಹಳೇ ಕಾರು ಇಟ್ಟುಕೊಂಡವರಿಗೆ ಮದುವೆ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪಿದ್ದಲ್ಲ. ಎಲೆ ಮುಂದೆ ಕೂತು ಪಲ್ಯ ಬೀಳುವ ಹೊತ್ತಿಗೆ ಪಕ್ಕದವರು ಕೇಳುತ್ತಾರೆ, 'ಅದನ್ನ ಇನ್ನೂ ಕೊಟ್ಟಿಲ್ವೇನ್ರೀ?' ಕೇಳುವವರದ್ದು ಕೆಟ್ಟ ಮನಸ್ಸೇನಲ್ಲ, ಕಾಳಜಿಯೇ. ಆದರೆ ಯಾಕೆ ಕೊಡಬೇಕು ಹೇಳಿ? ಬೆಳಿಗ್ಗೆ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತೆ, ಬ್ರೇಕ್ ಒತ್ತಿದರೆ ನಿಲ್ಲುತ್ತೆ, ಮಳೆಯಲ್ಲಿ ನೆನೆಸದೆ ಮನೆ ಮುಟ್ಟಿಸುತ್ತೆ. ಸಾಲ ತೀರಿ ಎಷ್ಟೋ ಕಾಲವಾಗಿದೆ. ಇಷ್ಟಕ್ಕೂ ಮಕ್ಕಳನ್ನು ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದ ಗಾಡಿಯನ್ನು ಗುಜರಿಯವನು ತಕ್ಕಡಿಗೆ ಹಾಕುವುದನ್ನು ನೋಡೋಕೆ ಯಾರಿಗೆ ಮನಸ್ಸು ಬಂದೀತು?

ಹಳೇದು ಅಂದರೆ ಎಷ್ಟು ಹಳೇದು ಅನ್ನುವಿರಾ? ಕಾಲ ಓಡುವುದೇ ಗೊತ್ತಾಗುವುದಿಲ್ಲ. ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ನಿಂತದ್ದು 2014ರ ಜನವರಿಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತುಹೋಯಿತು. ನಾವೆಲ್ಲ ಬರೀ ಫಿಯಟ್ಟು ಅನ್ನುತ್ತಿದ್ದ ಪ್ರೀಮಿಯರ್ ಪದ್ಮಿನಿಯಂತೂ ಅದಕ್ಕೂ ಎಷ್ಟೋ ಮೊದಲೇ ಕಥೆ ಮುಗಿಸಿತ್ತು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ 2001ರಲ್ಲಿ ರಸ್ತೆಗಿಳಿದ ಬ್ಯಾಟರಿ ಕಾರು ರೇವಾ, ಅಷ್ಟು ಚಿಕ್ಕದು, ಅಷ್ಟು ಹೊಸ ಕಾಲದ್ದು, ಅದೂ ಈಗ ಹಿರಿಯರ ಸಾಲಿನಲ್ಲೇ ಕೂತಿದೆ ನೋಡಿ.

ನಮ್ಮ ಗ್ಯಾರೇಜಿನ ಭಾಯಿ ಒಂದು ಮಾತು ಹೇಳುತ್ತಿರುತ್ತಾರೆ: 'ಸಾರ್, ಗಾಡಿ ಕೆಡೋದು ನೂರು ರೂಪಾಯಿ ಸಾಮಾನಿಂದ, ಬಿಲ್ಲು ಬರೋದು ಇಪ್ಪತ್ತು ಸಾವಿರದ್ದು.' ಹಳೇ ಗಾಡಿಯ ಬಗ್ಗೆ ನಾನು ಕೇಳಿದ ಬುದ್ಧಿವಾದದಲ್ಲೆಲ್ಲ ಇದಕ್ಕಿಂತ ತೂಕದ್ದು ಇನ್ನೊಂದಿಲ್ಲ. ಇಂಜಿನ್ನು ಗಟ್ಟಿ ಪಿಂಡ, ಅದು ಸುಮ್ಮಸುಮ್ಮನೆ ಸಾಯುವುದಿಲ್ಲ. ಮೊದಲು ಹೋಗುವುದು ರಬ್ಬರು. ಹೋಸು, ಬೆಲ್ಟು, ಸೀಲು, ಬುಷ್ಷು. ಬಾನೆಟ್ ಎತ್ತಿ, ಇಂಜಿನ್ ತಣ್ಣಗಿರುವಾಗ, ರೇಡಿಯೇಟರಿನ ಮೇಲಿನ ಹೋಸನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ. ಒಳಗೆ ಚರಚರ ಅಂದರೆ, ಇಲ್ಲವೇ ಕ್ಲಿಪ್ಪಿನ ಹತ್ತಿರ ಊದಿಕೊಂಡು ಮೆತ್ತಗಾಗಿದ್ದರೆ, ಇವತ್ತೇ ಬದಲಾಯಿಸಿ. ಯಾಕೆಂದರೆ ಅದು ಒಡೆಯುವುದು ಮನೆ ಮುಂದಲ್ಲ, ಘಾಟಿಯಲ್ಲಿ.

ಘಾಟಿ ಅಂದಾಕ್ಷಣ ನೆನಪಾಗುವುದು ಬೇಸಿಗೆ ರಜೆಯ ಚಾರ್ಮಾಡಿ. ಒಂದು ಕಾಲದಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ ಆ ರಸ್ತೆ ಹತ್ತುವಾಗ ತಿರುವು ತಿರುವಿಗೂ ಬಾಯಿ ತೆರೆದ ಬಾನೆಟ್ಟುಗಳು. ಗಂಡಸರು ಕೊಡಪಾನ ಹುಡುಕುತ್ತ ಝರಿಯ ಕಡೆ ಓಡುವರು, ಹೆಂಗಸರು ಕಟ್ಟೆಯ ಮೇಲೆ ಕೂತು ಚಕ್ಕುಲಿ ಡಬ್ಬ ತೆಗೆಯುವರು. ಫಿಯಟ್ಟಿನವರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ಅದರ ಮರ್ಮ ಗೊತ್ತೇ? ಇಂಜಿನ್ನಿನ ಕಾವಿಗೆ ಪಂಪು, ಪೈಪುಗಳಲ್ಲಿನ ಪೆಟ್ರೋಲು ಆವಿಯಾಗಿಬಿಡುತ್ತೆ. ದ್ರವ ಎಳೆಯಲು ಇರುವ ಪಂಪು ಆವಿಯನ್ನು ಎಳೆಯಲಾರದು. ಒದ್ದೆ ಬಟ್ಟೆ ಪಂಪನ್ನು ತಣಿಸಿದರೆ ಆವಿ ಮತ್ತೆ ಪೆಟ್ರೋಲಾಗುತ್ತೆ, ಗಾಡಿ ಹೊರಡುತ್ತೆ. ಕಾರ್ಬುರೇಟರಿನ ಗಾಡಿ ಇದ್ದವರು ಡಿಕ್ಕಿಯಲ್ಲಿ ಇವತ್ತಿಗೂ ಒಂದು ಹಳೇ ಟವಲ್ಲು ಇಟ್ಟಿರಿ.

ಇನ್ನು ಈ ರೇಡಿಯೇಟರ್ ಮುಚ್ಚಳ ಇದೆಯಲ್ಲ, ಅದನ್ನು ಬರೀ ಮುಚ್ಚಳ ಅಂದುಕೊಳ್ಳಬೇಡಿ. ಒಳಗೆ ಒತ್ತಡ ಹಿಡಿದಿಡುವುದೇ ಅದರ ಕೆಲಸ. ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ಸುಮಾರು 120 ಡಿಗ್ರಿ ತನಕ ಕುದಿಯದೆ ತಡೆಯುತ್ತೆ. ಮುಚ್ಚಳದ ರಬ್ಬರ್ ವಾಷರು ಸೀಳಿದ್ದರೆ ಆ ಒತ್ತಡವೇ ನಿಲ್ಲದು, ಗಾಡಿ ಕಾರಣವಿಲ್ಲದೆ ಕುದಿಯುತ್ತೆ. ಎಷ್ಟೋ ಜನರಿಗೆ ರೇಡಿಯೇಟರನ್ನೇ ಬಿಚ್ಚಿಸಿ ರಿಪೇರಿ ಮಾಡಿಸಿದ ಮೇಲೆ ಗೊತ್ತಾಗುತ್ತೆ, ಹೋಗಿದ್ದು ಮುಚ್ಚಳ ಅಂತ. ಅದೇ ಒತ್ತಡದ ಕಾರಣಕ್ಕೇ, ಬಿಸಿ ಇಂಜಿನ್ನಿನ ಮುಚ್ಚಳಕ್ಕೆ ಕೈ ಹಾಕಬಾರದು. ತೆಗೆದ ಕ್ಷಣ ಕುದಿನೀರು ಮುಖಕ್ಕೇ ಚಿಮ್ಮುತ್ತೆ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿನ ಕಡೆ ಏರಿತೋ, ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ ಫ್ಯಾನು ಬಿಡಿ. ಸೆಕೆಯಲ್ಲಿ ಹೀಟರೇ ಅಂದಿರಾ? ಹೌದು, ಹೀಟರ್ ಅಂದರೆ ಕಾರೊಳಗಿನ ಇನ್ನೊಂದು ಪುಟ್ಟ ರೇಡಿಯೇಟರು, ಇಂಜಿನ್ನಿನ ಬಿಸಿಯಲ್ಲಿ ಒಂದಿಷ್ಟನ್ನು ಅದು ಎಳೆದು ಹಾಕುತ್ತೆ. ಆಮೇಲೆ ಪಕ್ಕಕ್ಕೆ ನಿಲ್ಲಿಸಿ, ಆರಲು ಬಿಡಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರುಕು ಬಿಡಬಹುದು.

ಹೀಗೆ ಕುದಿದ ಗಾಡಿಯ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿನ ಕೆಳಗಿನ ಸೀಲು, ಹೋಗಿದೆಯೋ ಇಲ್ಲವೋ ನೋಡಲು ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಅದರ ಒಳಬದಿ ನೋಡಿ. ಆಯಿಲ್ಲು ಹಾಲು ಹೆಚ್ಚಾದ ಕಾಫಿಯ ಹಾಗೆ ಕಂಡರೆ ನೀರು ಸೇರಿದೆ ಅಂತ ಅನುಮಾನ ಪಡಬೇಕು. ಡಿಪ್ ಸ್ಟಿಕ್ಕಿನಲ್ಲೂ ಅದೇ ಬಣ್ಣ ಇದ್ದರೆ ಇನ್ನು ಒಂದು ಕಿಲೋಮೀಟರೂ ಓಡಿಸಬೇಡಿ.

ಭಾಯಿಯ ಜೊತೆ ನನಗೆ ಜಗಳ ಇರುವುದು ಒಂದೇ ವಿಷಯಕ್ಕೆ, ಥರ್ಮೋಸ್ಟಾಟು, ಅಂದರೆ ಇಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ನೀರು ಬಿಡದ ಪುಟ್ಟ ಬಾಗಿಲು. ನಮ್ಮ ಕಡೆಯ ಹಳೇ ಮೆಕ್ಯಾನಿಕ್ಕುಗಳಿಗೆ ಅದನ್ನು ಕಂಡರಾಗದು. 'ಈ ಸೆಕೆ ದೇಶಕ್ಕೆ ಯಾಕೆ ಸಾರ್' ಅಂತ ಕಿತ್ತು ಮೂಲೆಗೆ ಎಸೆದುಬಿಡುತ್ತಾರೆ. ಕಿತ್ತರೆ ಗಾಡಿ ಹೀಟ್ ಆಗುವುದು ಕಡಿಮೆಯಾದ ಹಾಗೆ ಕಾಣುತ್ತೆ, ನಿಜ. ಆದರೆ ಇಂಜಿನ್ನು ಬೇಗ ಬಿಸಿಗೆ ಬರುವುದಿಲ್ಲ. ಆಯಿಲ್ಲು ತೆಳುವಾಗುವುದಿಲ್ಲ, ಪೆಟ್ರೋಲು ಹೆಚ್ಚು ಕುಡಿಯುತ್ತೆ, ಒಳಗಡೆ ಸವೆತವೂ ಹೆಚ್ಚು. ನಾನು ಹೊಸದು ತಂದು ಕೊಡುತ್ತೇನೆ, ಅವರು ಗೊಣಗುತ್ತಲೇ ಹಾಕುತ್ತಾರೆ. ಹಾಕಿದ ಮೇಲೆ ಚಹಾ ತರಿಸುತ್ತಾರೆ. ರೇಡಿಯೇಟರಿಗೆ ಬರೀ ನಲ್ಲಿ ನೀರು ಹಾಕಬಾರದು, ಕೂಲೆಂಟೇ ಬೇಕು ಅನ್ನುವುದರಲ್ಲಿ ಮಾತ್ರ ನಮ್ಮಿಬ್ಬರದೂ ಒಂದೇ ಮತ. ಬೋರ್‌ವೆಲ್ ನೀರಿನ ಗಡಸುತನ ಬಿಸಿನೀರಿನ ಹಂಡೆಗೆ ಏನು ಮಾಡುತ್ತೆ ಅಂತ ಎಲ್ಲರ ಮನೆಯಲ್ಲೂ ಕಂಡಿದ್ದೇವಲ್ಲ.

ಹತ್ತುವುದಾಯಿತು, ಇಳಿಯುವುದು? ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಉಜಿರೆಯ ಕಡೆ ಇಳಿಯುವವರು ಬ್ರೇಕ್ ಆಯಿಲ್ಲಿನ ಬಗ್ಗೆ ಎರಡು ಮಾತು ಕೇಳಬೇಕು. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಪದಾರ್ಥ. ಹೊಸ ಡಾಟ್ 3 ಆಯಿಲ್ಲು ಕನಿಷ್ಠ 205 ಡಿಗ್ರಿ ತನಕ ಕುದಿಯುವುದಿಲ್ಲ; ತೇವ ಕುಡಿದ ಮೇಲೆ ಆ ಮಟ್ಟ 140ರವರೆಗೂ ಇಳಿಯಬಹುದು. ಇಳಿಜಾರಿನ ಉದ್ದಕ್ಕೂ ಬ್ರೇಕ್ ಒತ್ತಿಯೇ ಇಳಿದರೆ ಅಷ್ಟು ಬಿಸಿ ಆಗುವುದೇನು ದೊಡ್ಡ ಮಾತಲ್ಲ. ಕುದಿದರೆ ಗುಳ್ಳೆ, ಗುಳ್ಳೆ ಬಂದರೆ ಪೆಡಲು ನೆಲ ಮುಟ್ಟುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಎರಡನೇ ಗೇರಿನಲ್ಲಿ ಇಳಿಯಿರಿ. ಹೀಗೆ ನೆಟ್ಟಗೆ ಇಳಿದವರಿಗೆ ಕೆಳಗೆ ಧರ್ಮಸ್ಥಳದಲ್ಲಿ ಇನ್ನೊಂದು ದರ್ಶನ ಕಾದಿದೆ. ಮಂಜುನಾಥನಿಗೆ ಕೈ ಮುಗಿದ ಮೇಲೆ ಅಲ್ಲಿನ ಹಳೇ ಕಾರುಗಳ ಸಂಗ್ರಹ ನೋಡದೆ ಬರಬೇಡಿ. ನಮ್ಮ ಗಾಡಿಗಳ ಅಜ್ಜಂದಿರೆಲ್ಲ ಅಲ್ಲಿ ಮಿರಮಿರ ಮಿಂಚುತ್ತ ನಿಂತಿದ್ದಾರೆ.

ಮಿಂಚುವುದು ಅಂದಾಗ ತುಕ್ಕಿನ ಮಾತು ಬರಲೇಬೇಕಲ್ಲ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಕೆಸರು, ಎರಡೂ ತಗಡಿನ ಶತ್ರುಗಳೇ. ಬೆಂಗಳೂರಿನ ಸಿಪಾನಿಯವರು ಹಿಂದೆ ಡಾಲ್ಫಿನ್ ಅಂತ ಒಂದು ಪುಟ್ಟ ಕಾರು ಮಾಡಿದ್ದರು, ನೆನಪಿದೆಯೇ? ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. ಮೈಯೆಲ್ಲ ಫೈಬರ್ ಗ್ಲಾಸು, ತುಕ್ಕು ಹಿಡಿಯಲು ಮೈಯಲ್ಲಿ ತಗಡೇ ಇಲ್ಲ! ನಮ್ಮ ನಿಮ್ಮ ಗಾಡಿಗೆ ಆ ಭಾಗ್ಯವಿಲ್ಲ. ಬಾಗಿಲಿನ ಅಡಿ ಅಂಚಿನಲ್ಲಿ ಕಿರುಬೆರಳೂ ತೂರದ ರಂಧ್ರಗಳಿರುತ್ತವೆ. ಗಾಜಿನ ಸಂದಿಯಿಂದ ಒಳಗಿಳಿದ ಮಳೆನೀರು ಹೊರಹೋಗುವ ದಾರಿ ಅದು. ಅಲ್ಲಿ ಕೆಸರು ಕಟ್ಟಿದರೆ ನೀರು ಒಳಗೇ ನಿಂತು ಬಾಗಿಲನ್ನು ಒಳಗಿನಿಂದ ತಿನ್ನುತ್ತೆ. ಹೊರಗೆ ಬಣ್ಣ ಗುಳ್ಳೆ ಏಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತೆ, ಟಿಂಕರಿಂಗಿನವನ ಬಳಿ ಹೋಗದೆ ಗತಿಯಿಲ್ಲ. ಒಂದು ತೆಂಗಿನ ಕಡ್ಡಿ ತಗೊಂಡು ಆ ರಂಧ್ರಗಳನ್ನು ಬಿಡಿಸಿ. ವೈಪರಿನ ಕೆಳಗಿನ ಜಾಲರಿಯಲ್ಲಿ ಸೇರಿಕೊಂಡ ಒಣ ಎಲೆ ತೆಗೆಯಿರಿ. ಕಾಲಡಿಯ ಮ್ಯಾಟ್ ಎತ್ತಿ ಕೈಯಿಂದ ಮುಟ್ಟಿ ನೋಡಿ, ಒದ್ದೆ ಇದ್ದರೆ ನೀರು ಎಲ್ಲಿಂದಲೋ ಬರುತ್ತಿದೆ.

ಇದಕ್ಕೆಲ್ಲ ಸರಿಯಾದ ದಿನ ಆಯುಧಪೂಜೆ ಅಂತ ನನ್ನ ಅಭಿಪ್ರಾಯ. ಹೇಗೂ ಅವತ್ತು ಗಾಡಿಗೆ ಮಜ್ಜನ, ಮನೆಮಂದಿಯೆಲ್ಲ ಸುತ್ತ ಇರುತ್ತಾರೆ. ಆದರೆ ಮೈ ತೊಳೆಯುವ ಉತ್ಸಾಹದಲ್ಲಿ ಬಾನೆಟ್ ಎತ್ತಿ ಪೈಪು ಬಿಡಬೇಡಿ. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ನೀರು ಹೋದರೆ ನಿಂಬೆಹಣ್ಣು ಚಕ್ರದ ಕೆಳಗೆ ಇಟ್ಟಲ್ಲೇ ಇರುತ್ತೆ, ಗಾಡಿ ಮುಂದೆ ಹೋಗುವುದಿಲ್ಲ. ಅವತ್ತೇ ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಸಾಲಾಗಿ ಪೇಪರಿನ ಮೇಲೆ ಇಡಿ. ತುದಿ ತಿಳಿ ಕಂದು ಇದ್ದರೆ ಎಲ್ಲ ಕ್ಷೇಮ. ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ, ಬೆಳ್ಳಗೆ ಸುಟ್ಟಿದ್ದರೆ ಕಡಿಮೆಯಾಗುತ್ತಿದೆ, ಎಣ್ಣೆ ಜಿಡ್ಡು ಇದ್ದರೆ ಒಳಗೆ ರಿಂಗು ಸವೆದಿದೆ. ಇಂಜಿನ್ನಿನ ಜಾತಕ ಓದಲು ಇದಕ್ಕಿಂತ ಸುಲಭದ ಉಪಾಯ ಯಾವುದಿದೆ? ಪ್ಲಗ್ಗು ಅಂದರೆ ನಮ್ಮವರಿಗೆ ಮೈಕೋ ಪ್ಲಗ್ಗೇ. 1951ರಲ್ಲಿ ಶುರುವಾದ ಆ ಕಂಪನಿಯ ಆಡುಗೋಡಿ ಕಾರ್ಖಾನೆಯ ಸೈರನ್ನು ಕೇಳಿ ಗಡಿಯಾರ ಸರಿ ಮಾಡಿಕೊಂಡ ಸಂಸಾರಗಳೆಷ್ಟೋ! ಬಡಾವಣೆಗೇ ಮೈಕೋ ಲೇಔಟ್ ಅಂತ ಹೆಸರು ನಿಂತಿದೆ.

ಟೈಮಿಂಗ್ ಬೆಲ್ಟಿನ ಮಾತು ಚುಟುಕಾಗಿ ಮುಗಿಸುತ್ತೇನೆ. ಹಳೇ 800, ಝೆನ್, ಸ್ಯಾಂಟ್ರೋಗಳಲ್ಲಿ ಇರುವುದು ಚೈನಲ್ಲ, ರಬ್ಬರ್ ಬೆಲ್ಟು. ಅದು ಸದ್ದು ಮಾಡಿ ಎಚ್ಚರಿಸುವುದಿಲ್ಲ, ಒಂದೇ ಸಲ ತುಂಡಾಗುತ್ತೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿದ್ದು, ಹಿಂದಿನವರು ಯಾವಾಗ ಬದಲಾಯಿಸಿದರು ಗೊತ್ತಿಲ್ಲದಿದ್ದರೆ, ಹೊಸದು ಹಾಕಿಸಿಯೇ ಓಡಿಸಿ.

ಈಗಿನ ಪೆಟ್ರೋಲಿನ ಸಂಗತಿ ಇನ್ನೊಂದು. ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆಸಿದ್ದು. ನಮ್ಮ ಬೆಳಗಾವಿ, ಬಾಗಲಕೋಟೆಯ ಕಬ್ಬಿಗೆ ಅದರಿಂದ ಒಳ್ಳೆಯದಾದರೆ ಸಂತೋಷವೇ. ಆದರೆ ಹಳೇ ಗಾಡಿಯ ರಬ್ಬರ್ ಪೈಪುಗಳನ್ನು ಅದಕ್ಕೆ ಅಂತ ಮಾಡಿರಲಿಲ್ಲ. ಎಥನಾಲು ಹಳೇ ರಬ್ಬರನ್ನು ಊದಿಸಿ ಬಿರುಕು ಬಿಡಿಸುತ್ತೆ, ಟ್ಯಾಂಕಿನ ತಳದ ಹಳೇ ಕೊಳೆಯನ್ನು ಕರಗಿಸಿ ಫಿಲ್ಟರಿಗೆ ತಂದು ತುಂಬುತ್ತೆ, ತೇವವನ್ನೂ ಎಳೆದುಕೊಳ್ಳುತ್ತೆ. ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿ, ಫಿಲ್ಟರನ್ನು ಬೇಗ ಬೇಗ ನೋಡುತ್ತಿರಿ. ಬಾನೆಟ್ಟಿನಿಂದ ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಅನ್ನಬೇಡಿ, ಅದು ಬೆಂಕಿಯ ಮಾತು. ಎಲ್ಲಕ್ಕಿಂತ ಮುಖ್ಯ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ನಿಂತ ಗಾಡಿಯಲ್ಲಿ ಬ್ಯಾಟರಿ ಡೌನ್, ಬ್ರೇಕ್ ಜಾಮ್, ಮೇಲಿಂದ ಇಲಿಗಳ ಸಂಸಾರ. ಇಲಿಗೆ ಹೊಗೆಸೊಪ್ಪು ಕಟ್ಟುವವರಿದ್ದಾರೆ. ಕಟ್ಟಿ, ಬೇಡ ಅನ್ನುವುದಿಲ್ಲ. ಆದರೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದೇ ಮದ್ದು ಅಂತ ನನಗೆ ಅನ್ನಿಸುತ್ತೆ.

ಸಾಮಾನು ಎಲ್ಲಿ ಸಿಗುತ್ತೆ ಅಂತ ಕೇಳುತ್ತೀರಿ, ಗೊತ್ತು. ಬೆಂಗಳೂರಿನ ಜೆ.ಸಿ. ರಸ್ತೆ ಇರುವಾಗ ಚಿಂತೆ ಯಾಕೆ? ಹಳೇ ಸಾಮಾನನ್ನು ಬಿಚ್ಚಿ, ಒರೆಸಿ, ಕೈಯಲ್ಲಿ ಹಿಡಿದೇ ಹೋಗಿ. ಅಂಗಡಿಯವರು ಕನ್ನಡಕ ಏರಿಸಿ ತಿರುಗಿಸಿ ನೋಡಿ, 'ಇದು 800ದಲ್ಲ ಸಾರ್, ಓಮ್ನಿದು ಹಾಕಿದಾರೆ ಯಾರೋ' ಅಂತ ಗಾಡಿಯ ಹಿಂದಿನ ಚರಿತ್ರೆಯನ್ನೇ ಹೇಳಿಬಿಡುತ್ತಾರೆ. ಅಲ್ಲಿ ಒಂದು ಬೆಳಿಗ್ಗೆ ಕಳೆಯುವ ಸುಖ ಯಾವ ಮಾಲ್‌ನಲ್ಲಿದೆ?

ಸಾಮಾನಿನ ಮಾತಾಯಿತು, ಇನ್ನು ಕಾಗದಪತ್ರದ್ದು. ಹದಿನೈದು ವರ್ಷ ತುಂಬಿದರೆ ಆರ್‌ಸಿ ನವೀಕರಣಕ್ಕೆ ಆರ್‌ಟಿಓ ಮುಂದೆ ಗಾಡಿ ನಿಲ್ಲಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಹೋಗುವ ಮುಂಚೆ ಲೈಟು, ಹಾರ್ನು, ವೈಪರು, ಹೊಗೆ ಪತ್ರ ಎಲ್ಲ ಸರಿಯಿದೆಯಾ ನೋಡಿಕೊಳ್ಳಿ. ಟಯರಿನ ವಯಸ್ಸನ್ನೂ ನೋಡಿ. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2317 ಅಂದರೆ 2017ನೇ ಇಸವಿಯ 23ನೇ ವಾರ ತಯಾರಾದದ್ದು. ಟಯರಿನ ಗೆರೆ ಎಷ್ಟೇ ಆಳ ಇರಲಿ, ಅಷ್ಟು ವಯಸ್ಸಾದ ರಬ್ಬರು ಒಣಗಿ ಬಿರಿದಿರುತ್ತೆ, ಬಿಸಿಲಿನ ಹೈವೇಯಲ್ಲಿ ಅದನ್ನು ನಂಬುವ ಹಾಗಿಲ್ಲ. ಹಾಗೇ ಡಿಕ್ಕಿ ತೆಗೆದು ಸ್ಟೆಪ್ನಿಯ ಅಂಕಿಯನ್ನೂ ಓದಿಬಿಡಿ. ಗಾಡಿ ಕೊಂಡಾಗ ಬಂದ ಸ್ಟೆಪ್ನಿಯೇ ಇನ್ನೂ ಅಲ್ಲಿದ್ದರೆ, ಪಂಚರ್ ಅಂಗಡಿಗೆ ಹೋಗಿ ಬನ್ನಿ. ಹೋಗುವಾಗ ಜಾಕನ್ನೂ ಒಮ್ಮೆ ತಿರುಗಿಸಿ ನೋಡಿ, ಬಿಗಿದಿದ್ದರೆ ಎರಡು ತೊಟ್ಟು ಆಯಿಲ್ ಬಿಡಿ.