ನುಂಗಂಬಾಕ್ಕಂನ ಜನವರಿ

ಬೆಂಗಳೂರಿನಿಂದ ರೈಲಿನಲ್ಲಿ ಹೋದವರು ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದು, ಎದುರಿನ ರಸ್ತೆ ದಾಟಿ, ಪಾರ್ಕ್ ಸ್ಟೇಷನ್ನಿನಲ್ಲಿ ತಾಂಬರಂ ಕಡೆಯ ಲೋಕಲ್ ಹತ್ತಬೇಕು. ಎಗ್ಮೋರ್, ಚೆಟ್‌ಪೇಟ್ ದಾಟಿದ ಮೇಲೆ ಬರುವುದೇ ನುಂಗಂಬಾಕ್ಕಂ. ಲೊಯೊಲಾ ಕಾಲೇಜಿನ ವಿದ್ಯಾರ್ಥಿಗಳು ಹತ್ತಿ ಇಳಿಯುವ ನಿಲ್ದಾಣ ಇದು. ಅಲ್ಲಿಂದ ಆಟೊ ಹಿಡಿದು 'ವಳ್ಳುವರ್ ಕೋಟ್ಟಂ' ಎಂದರೆ ಸಾಕು, ದಾರಿ ಹೇಳಬೇಕಾಗಿಲ್ಲ. ಕನ್ನಡಿಗರಿಗೆ ಸರ್ವಜ್ಞ ಹೇಗೋ ತಮಿಳರಿಗೆ ತಿರುವಳ್ಳುವರ್ ಹಾಗೆ. ಆತನ 1330 ಕುರಳ್‌ಗಳನ್ನು ಕೆತ್ತಿಸಿ, ತಿರುವಾರೂರಿನ ತೇರಿನ ಮಾದರಿಯಲ್ಲಿ ಕಲ್ಲಿನ ರಥವೊಂದನ್ನು 1976ರಲ್ಲಿ ಇಲ್ಲಿ ನಿಲ್ಲಿಸಲಾಗಿದೆ. ಎತ್ತರ ಸುಮಾರು 39 ಮೀಟರ್. ಪ್ರವಾಸಿಗರು ಈ ರಥವನ್ನು ನೋಡಿ, ಫೋಟೊ ತೆಗೆದುಕೊಂಡು ಹಿಂದಿರುಗುತ್ತಾರೆ. ಅಲ್ಲೇ ಸಮೀಪದಲ್ಲಿರುವ ಟೆನಿಸ್ ಕ್ರೀಡಾಂಗಣದತ್ತ ಕಣ್ಣು ಹಾಯಿಸುವವರು ಕಡಿಮೆ.

ಈ ಪ್ರದೇಶಕ್ಕೆ ಲೇಕ್ ಏರಿಯಾ ಎಂದೇ ಹೆಸರು. ಕೆರೆ ಮಾತ್ರ ಇಲ್ಲ! ಬೆಂಗಳೂರಿನ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದಂತೆ ಇಲ್ಲಿಯೂ ಕೆರೆ ಮುಚ್ಚಿಹೋಗಿ ಮನೆ, ಬೀದಿ, ಆಟದ ಅಂಕಣಗಳು ಬಂದವು. 1995ರ ಡಿಸೆಂಬರ್‌ನಲ್ಲಿ ಮದರಾಸಿನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟ ನಡೆಯಿತು. ತಮಿಳುನಾಡು ಸರ್ಕಾರದ ಈ ಟೆನಿಸ್ ಕ್ರೀಡಾಂಗಣ ಕಟ್ಟಿದ್ದು ಆ ವರ್ಷವೇ. ಸುಮಾರು ಆರು ಸಾವಿರ ಜನ ಕೂರಬಹುದು. ಕೂಟ ಮುಗಿದ ಮೇಲೆ ಇಂಥ ಕಟ್ಟಡಗಳಿಗೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ: ಬೀಗ, ಪಾರಿವಾಳ, ಆಗೊಮ್ಮೆ ಈಗೊಮ್ಮೆ ಒಂದು ಸಮಾರಂಭ. ನುಂಗಂಬಾಕ್ಕಂಗೆ ಆ ಗತಿ ಬರಲಿಲ್ಲ. 1997ರಿಂದ 2017ರವರೆಗೆ, ಒಂದು ವರ್ಷವೂ ತಪ್ಪದೆ, ಜಗತ್ತಿನ ವೃತ್ತಿಪರ ಟೆನಿಸ್ ಒಂದು ವಾರದ ಮಟ್ಟಿಗೆ ಇಲ್ಲಿಗೆ ಬಂದು ಬಿಡಾರ ಹೂಡುತ್ತಿತ್ತು. ಅದೇ ಚೆನ್ನೈ ಓಪನ್.

ಟೂರ್ನಿ ಹುಟ್ಟಿದ್ದು ಚೆನ್ನೈಯಲ್ಲಲ್ಲ, ದೆಹಲಿಯಲ್ಲಿ. 1996ರಲ್ಲಿ ಅಲ್ಲಿ ನಡೆದ ಮೊದಲ ಟೂರ್ನಿಯನ್ನು ಸ್ವೀಡನ್ನಿನ ಥಾಮಸ್ ಎನ್‌ಕ್ವಿಸ್ಟ್ ಗೆದ್ದ. ಮರುವರ್ಷವೇ ಅದು ದಕ್ಷಿಣಕ್ಕೆ ಬಂತು. ಮದರಾಸು ಚೆನ್ನೈ ಆಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಈ ಊರಿಗೆ ಟೆನಿಸ್ ಹೊಸದೇನೂ ಅಲ್ಲ. ವಿಜಯ್ ಅಮೃತರಾಜ್ ಮತ್ತು ಸೋದರರ ಊರು. ರಾಮನಾಥನ್ ಕೃಷ್ಣನ್, ರಮೇಶ್ ಕೃಷ್ಣನ್ ತಂದೆ-ಮಗನ ಊರು. ಕೋಲ್ಕತ್ತದ ಲಿಯಾಂಡರ್ ಪೇಸ್ ಹುಡುಗನಾಗಿದ್ದಾಗ ಆಟ ಕಲಿಯಲು ಬಂದು ಸೇರಿದ್ದು ಅಮೃತರಾಜ್ ಕುಟುಂಬ ಇಲ್ಲಿ ನಡೆಸುತ್ತಿದ್ದ ಅಕಾಡೆಮಿಗೆ.

ಮೊದಲ ವರ್ಷಗಳಲ್ಲಿ ಟೂರ್ನಿ ನಡೆಯುತ್ತಿದ್ದುದು ಏಪ್ರಿಲ್‌ನಲ್ಲಿ. ಚೆನ್ನೈಯ ಏಪ್ರಿಲ್ ಬಿಸಿಲನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೂ 1998ರಲ್ಲಿ ಪ್ಯಾಟ್ ರ್‍ಯಾಫ್ಟರ್ ಬಂದ. ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ ಅಮೆರಿಕ ಓಪನ್ ಗೆದ್ದಿದ್ದ ಆಸ್ಟ್ರೇಲಿಯಾದ ಆಟಗಾರ ನುಂಗಂಬಾಕ್ಕಂನಲ್ಲಿ ಬೆವರು ಸುರಿಸಿ ಪ್ರಶಸ್ತಿ ಎತ್ತಿಕೊಂಡ. ಆಮೇಲೆ ಟೂರ್ನಿ ಜನವರಿಯ ಮೊದಲ ವಾರಕ್ಕೆ ಸರಿಯಿತು. ಇದು ಜಾಣತನದ ಕೆಲಸ. ಆಸ್ಟ್ರೇಲಿಯಾ ಓಪನ್‌ಗೆ ಮೊದಲು ಕೈ ಪಳಗಿಸಿಕೊಳ್ಳಲು ಆಟಗಾರರಿಗೆ ಒಂದು ಟೂರ್ನಿ ಬೇಕು. ಚೆನ್ನೈಗೆ ವರ್ಷದಲ್ಲಿ ಹಿತವಾದ ಹವೆ ಇರುವುದೇ ಆಗ. ಪೊಂಗಲ್‌ಗೆ ಮುನ್ನಿನ ದಿನಗಳು, ಸಂಗೀತೋತ್ಸವದ ಕೊನೆಯ ಕಛೇರಿಗಳು, ಜತೆಗೆ ಟೆನಿಸ್.

ಹೆಸರು ಮಾತ್ರ ಪ್ರಾಯೋಜಕರೊಂದಿಗೆ ಬದಲಾಗುತ್ತಿತ್ತು. ಮೊದಲು ಗೋಲ್ಡ್ ಫ್ಲೇಕ್ ಓಪನ್. ಸಿಗರೇಟಿನ ಹೆಸರಿನಲ್ಲಿ ಆಟದ ಟೂರ್ನಿ ಎಂದರೆ ಇವತ್ತಿನ ಮಕ್ಕಳು ನಗುತ್ತಾರೆ. ಆಗ ಯಾರೂ ನಗಲಿಲ್ಲ. 2001ರ ನಂತರ ಆ ಹೆಸರು ಹೋಯಿತು; ತಂಬಾಕಿನ ಜಾಹೀರಾತನ್ನು ನಿಷೇಧಿಸುವ ಕಾಯಿದೆ 2003ರಲ್ಲಿ ಬಂತು. ಟಾಟಾ ಬಂದಿತು, ಆಮೇಲೆ ಏರ್‌ಸೆಲ್. ಜನರ ಬಾಯಲ್ಲಿ ಉಳಿದದ್ದು ಚೆನ್ನೈ ಓಪನ್ ಎಂಬುದೇ.

ಚೆನ್ನೈಯ ಪ್ರೇಕ್ಷಕರು ಯಾರನ್ನು ಮೆಚ್ಚುತ್ತಾರೆಂದು ಊಹಿಸುವುದು ಕಷ್ಟವಾಗಿತ್ತು. ಥಾಯ್ಲೆಂಡಿನ ಪ್ಯಾರಡಾರ್ನ್ ಶ್ರೀಚಪನ್‌ನನ್ನು ತಮ್ಮವನೇ ಎಂಬಂತೆ ಹಚ್ಚಿಕೊಂಡರು. ಪಂದ್ಯ ಮುಗಿದೊಡನೆ ಆತ ಎರಡೂ ಕೈ ಜೋಡಿಸಿ ನಾಲ್ಕೂ ದಿಕ್ಕಿಗೆ ತಲೆಬಾಗಿ ನಮಸ್ಕರಿಸುತ್ತಿದ್ದ. ಇಂಥವನನ್ನು ಪರಕೀಯ ಎನ್ನುವುದು ಹೇಗೆ? 2002ರಿಂದ 2005ರವರೆಗೆ ಸತತ ನಾಲ್ಕು ಫೈನಲ್ ಆಡಿ ಗೆದ್ದದ್ದು ಒಂದೇ ಸಲ, 2003ರಲ್ಲಿ. ಮುಂದಿನ ಎರಡು ಫೈನಲ್‌ಗಳಲ್ಲಿ ಆತನನ್ನು ಸೋಲಿಸಿದವನು ಸ್ಪೇನಿನ ಕಾರ್ಲೋಸ್ ಮೋಯಾ, ಎರಡು ಸಲವೂ ಕೊನೆಯ ಸೆಟ್ಟಿನ ಟೈಬ್ರೇಕ್‌ನಲ್ಲಿ. ಆ ಎರಡನೆಯ ಗೆಲುವನ್ನು ಚೆನ್ನೈ ಬೇರೆಯೇ ಕಾರಣಕ್ಕೆ ನೆನಪಿಟ್ಟುಕೊಂಡಿತು. 2004ರ ಡಿಸೆಂಬರ್ 26ರಂದು ಸುನಾಮಿ ಮರೀನಾ ದಂಡೆಗೆ ಅಪ್ಪಳಿಸಿತ್ತು. ಎಂಟು ದಿನ ಕಳೆಯುವಷ್ಟರಲ್ಲಿ ಟೂರ್ನಿ ಆರಂಭ. ಮೋಯಾ ಗೆದ್ದ ಬಹುಮಾನದ ಹಣವನ್ನು ಸುನಾಮಿ ಸಂತ್ರಸ್ತರಿಗೆ ಕೊಟ್ಟುಬಿಟ್ಟ.

ಅದಕ್ಕೂ ಹಿಂದಿನ ವರ್ಷ, 2004ರಲ್ಲಿ, ಡಬಲ್ಸ್ ಪ್ರಶಸ್ತಿ ಗೆದ್ದ ಜೋಡಿಯಲ್ಲಿ ತೋಳಿಲ್ಲದ ಅಂಗಿಯ ಹುಡುಗನೊಬ್ಬನಿದ್ದ. ವಯಸ್ಸು 17, ಹೆಸರು ರಫೆಲ್ ನಡಾಲ್. ಆತ ಮತ್ತೆ ಮತ್ತೆ ಚೆನ್ನೈಗೆ ಬಂದ, ಆದರೆ ಸಿಂಗಲ್ಸ್ ಪ್ರಶಸ್ತಿ ಒಮ್ಮೆಯೂ ದಕ್ಕಲಿಲ್ಲ. 2008ರ ಸೆಮಿಫೈನಲ್ ಈ ಅಂಗಣದ ಅತಿ ದೊಡ್ಡ ಕಥೆ. ನಡಾಲ್ ಮತ್ತು ಮೋಯಾ ಇಬ್ಬರೂ ಮಯೋರ್ಕಾ ದ್ವೀಪದವರು, ಹಿರಿಯ-ಕಿರಿಯ ಗೆಳೆಯರು. ಮೂರು ಸೆಟ್‌ಗಳೂ ಟೈಬ್ರೇಕ್‌ಗೆ ಹೋದವು. ಮೂರು ಗಂಟೆ 54 ನಿಮಿಷ! ಸೋಲಿನ ಅಂಚಿನಿಂದ ನಾಲ್ಕು ಸಲ ಪಾರಾಗಿ ನಡಾಲ್ ಗೆದ್ದ. ಮರುದಿನ ಕಾಲು ಏಳಲಿಲ್ಲ. ರಷ್ಯದ ಮಿಖಾಯಿಲ್ ಯೂಷ್ನಿ ಫೈನಲ್ಲನ್ನು 6-0, 6-1ರಿಂದ ಮುಗಿಸಿಬಿಟ್ಟ. ಹಿಂದಿನ ದಿನದ ಆಟಕ್ಕೆ ಬಂದವರೇ ಅದೃಷ್ಟವಂತರು.

ಸ್ವಿಟ್ಜರ್‌ಲೆಂಡಿನ ಸ್ಟಾನ್ ವಾವ್ರಿಂಕಾಗೆ ಮಾತ್ರ ಈ ನೆಲ ಕೈಹಿಡಿಯಿತು. ನಾಲ್ಕು ಸಲ ಗೆದ್ದ. 2014ರಲ್ಲಿ ಇಲ್ಲಿ ಗೆದ್ದು ಹೋದವನು ಅದೇ ತಿಂಗಳು ಆಸ್ಟ್ರೇಲಿಯಾ ಓಪನ್ ಗೆದ್ದ; 2015ರಲ್ಲಿ ಇಲ್ಲಿ ಗೆದ್ದು ಫ್ರೆಂಚ್ ಓಪನ್; 2016ರಲ್ಲಿ ಇಲ್ಲಿ ಗೆದ್ದು ಅಮೆರಿಕ ಓಪನ್. ಚೆನ್ನೈಯವರು ಇದನ್ನು ತಮ್ಮ ಊರಿನ ಕೈಗುಣ ಎಂದುಕೊಂಡರೆ ತಪ್ಪೇನೂ ಇಲ್ಲ.

ಇಷ್ಟೆಲ್ಲ ವಿದೇಶಿಯರ ಕಥೆಯಾಯಿತು. ಮಕ್ಕಳನ್ನು ಬೆಳಗ್ಗೆ ಐದಕ್ಕೆ ಎಬ್ಬಿಸಿ ಕೋಚಿಂಗ್‌ಗೆ ಕರೆದೊಯ್ಯುವ ತಂದೆತಾಯಿಗಳಿಗೆ ತಿಳಿದಿರಬೇಕಾದ ಸಂಗತಿ ಬೇರೆ ಇದೆ. ವೃತ್ತಿಪರ ಟೆನಿಸ್ ಒಂದು ಏಣಿ. ಕೆಳಗೆ ಅಂತರರಾಷ್ಟ್ರೀಯ ಫೆಡರೇಷನ್ನಿನ ಸಣ್ಣ ಟೂರ್ನಿಗಳು, ಅದರ ಮೇಲೆ ಚಾಲೆಂಜರ್, ಅದಕ್ಕೂ ಮೇಲೆ ಎಟಿಪಿ ಟೂರ್. ಚೆನ್ನೈ ಓಪನ್ ಈ ಟೂರ್‌ನ ಮೊದಲ ಮೆಟ್ಟಿಲು. ಅದನ್ನು 'ಎಟಿಪಿ 250' ಎನ್ನುವುದು ಗೆದ್ದವನಿಗೆ ಸಿಗುವ ಅಂಕ 250 ಆದ್ದರಿಂದ. ಒಂದೊಂದು ಮೆಟ್ಟಿಲು ಹತ್ತಲೂ ಅಂಕ ಬೇಕು, ಅಂಕಕ್ಕಾಗಿ ದೇಶದಿಂದ ದೇಶಕ್ಕೆ ಅಲೆಯಬೇಕು, ಅಲೆಯಲು ಹಣ ಬೇಕು. ಆದರೆ ತವರಿನಲ್ಲಿ ಟೂರ್ನಿ ಇದ್ದರೆ ಒಂದು ಹಿತ್ತಿಲ ಬಾಗಿಲಿರುತ್ತದೆ: ವೈಲ್ಡ್ ಕಾರ್ಡ್. ರ್‍ಯಾಂಕಿಂಗ್ ಸಾಲದ ಕೆಲವರನ್ನು ನೇರವಾಗಿ ಕಣಕ್ಕಿಳಿಸುವ ಅಧಿಕಾರ ಸಂಘಟಕರಿಗಿರುತ್ತದೆ, ಸಾಮಾನ್ಯವಾಗಿ ಅದು ಊರಿನ ಹುಡುಗರಿಗೇ ಸಲ್ಲುತ್ತದೆ.

ಆ ಬಾಗಿಲಿನಿಂದ 2009ರಲ್ಲಿ ಒಳಬಂದವನು ಸೋಮದೇವ್ ದೇವವರ್ಮನ್. ಅಸ್ಸಾಮಿನಲ್ಲಿ ಹುಟ್ಟಿ, ಕೋಲ್ಕತ್ತ, ಚೆನ್ನೈಗಳಲ್ಲಿ ಬೆಳೆದವನು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ 2007, 2008ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆಗಿದ್ದ. ಓದು ಬಿಟ್ಟರೇನೇ ಆಟ ಎಂದು ನಂಬಿದವರು ಈ ಮಾತನ್ನು ಎರಡು ಸಲ ಓದಬಹುದು. ವಿಶ್ವ ರ್‍ಯಾಂಕಿಂಗ್‌ನಲ್ಲಿ ಇನ್ನೂರರ ಆಚೆಗಿದ್ದ ಈ ಹುಡುಗ ಎರಡು ಸಲದ ಚಾಂಪಿಯನ್ ಮೋಯಾನನ್ನು ಸೋಲಿಸಿದ. ಸಿಡಿಲಿನಂಥ ಸರ್ವ್‌ನ ಇವೊ ಕಾರ್ಲೊವಿಚ್‌ನನ್ನೂ ಸೋಲಿಸಿದ. ಸೆಮಿಫೈನಲ್‌ನಲ್ಲಿ ಎದುರಾಳಿ ಗಾಯದಿಂದ ಹಿಂದೆ ಸರಿದ. ಫೈನಲ್‌ನಲ್ಲಿ ಮರಿನ್ ಚಿಲಿಚ್ 6-4, 7-6ರಿಂದ ಗೆದ್ದ. ಸೋತರೂ ಸೋಮದೇವ್‌ನ ಬದುಕು ಆ ಒಂದು ವಾರದಲ್ಲಿ ಬೇರೆ ದಾರಿ ಹಿಡಿಯಿತು. ಆತ ನಿವೃತ್ತಿ ಘೋಷಿಸಿದ್ದು 2017ರ ಜನವರಿ 1ರಂದು. ಮರುದಿನ ಶುರುವಾದದ್ದೇ ಕೊನೆಯ ಚೆನ್ನೈ ಓಪನ್.

ಅದು ಕೊನೆಯದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಹಿಂದಿನ ತಿಂಗಳು ವರ್ದಾ ಚಂಡಮಾರುತ ನಗರದ ಮರಗಳನ್ನು ಉರುಳಿಸಿತ್ತು. ಅದರ ಹಿಂದಿನ ವರ್ಷ ಮಹಾಪೂರ. ಎರಡು ಸಲವೂ ಟೂರ್ನಿ ನಿಲ್ಲಲಿಲ್ಲ. ಸಿಂಗಲ್ಸ್ ಫೈನಲ್‌ನಲ್ಲಿ ಸ್ಪೇನಿನ ಬಟಿಸ್ಟಾ ಅಗುಟ್‌ಗೆ ಸೋತ ತೆಳ್ಳಗಿನ ರಷ್ಯನ್ ಹುಡುಗ ಡೇನಿಯಲ್ ಮೆಡ್ವೆಡೆವ್. ನಾಲ್ಕೇ ವರ್ಷದಲ್ಲಿ ಅಮೆರಿಕ ಓಪನ್ ಗೆದ್ದವನು. ಡಬಲ್ಸ್ ಫೈನಲ್‌ನಲ್ಲಿದ್ದ ನಾಲ್ವರೂ ಭಾರತೀಯರು. ಪುರವ್ ರಾಜಾ-ದಿವಿಜ್ ಶರಣ್ ಜೋಡಿಯನ್ನು 6-3, 6-4ರಿಂದ ಮಣಿಸಿದವರು ಕೊಡಗಿನ ರೋಹನ್ ಬೋಪಣ್ಣ ಮತ್ತು ಚೆನ್ನೈಯವನೇ ಆದ ಜೀವನ್ ನೆಡುಂಚೆಳಿಯನ್. ಜೀವನ್‌ಗೆ ಅದು ಮೊದಲ ಎಟಿಪಿ ಪ್ರಶಸ್ತಿ. ಡಬಲ್ಸ್ ವಿಚಾರದಲ್ಲಿ ಈ ಅಂಗಣ ಭಾರತೀಯರಿಗೆ ಎಂದೂ ಮೋಸ ಮಾಡಿರಲಿಲ್ಲ. ಪೇಸ್ ಮತ್ತು ಮಹೇಶ್ ಭೂಪತಿ ಜತೆಯಾಗಿಯೇ ಇಲ್ಲಿ ಐದು ಸಲ ಗೆದ್ದಿದ್ದರು. ಐದನೆಯದು 2011ರಲ್ಲಿ, ವರ್ಷಗಳ ಮುನಿಸು ಮರೆತು ಮತ್ತೆ ಒಂದಾದಾಗ.

2017ರ ಜುಲೈನಲ್ಲಿ ಸುದ್ದಿ ಬಂತು: ಟೂರ್ನಿ ಪುಣೆಗೆ ಹೋಗುತ್ತದೆ. ಊರಿಗೆ ಊರೇ ಅಚ್ಚರಿಪಟ್ಟಿತು. 21 ವರ್ಷ ಆಡಿಸಿದವರದ್ದಲ್ಲವೇ ಟೂರ್ನಿ? ಅಲ್ಲ. ವೃತ್ತಿಪರ ಟೆನಿಸ್‌ನಲ್ಲಿ ಟೂರ್ನಿ ಎಂದರೆ ಕ್ಯಾಲೆಂಡರ್‌ನಲ್ಲಿ ಒಂದು ವಾರದ ಪರವಾನಗಿ. ಅದಕ್ಕೊಬ್ಬ ಮಾಲೀಕನಿರುತ್ತಾನೆ, ಅದನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ಊರು ಬದಲಿಸಬಹುದು. ಚೆನ್ನೈಯ ಪರವಾನಗಿ ಇದ್ದದ್ದು ಐಎಂಜಿ ರಿಲಯನ್ಸ್ ಎಂಬ ಕಂಪನಿಯ ಕೈಯಲ್ಲಿ. ಕ್ರೀಡಾಂಗಣ ಸರ್ಕಾರದ್ದು, ಸಂಘಟನೆ ತಮಿಳುನಾಡು ಟೆನಿಸ್ ಸಂಸ್ಥೆಯದು, ಚಪ್ಪಾಳೆ ಜನರದು. ವಾರ ಮಾತ್ರ ಇನ್ನೊಬ್ಬರದು.

ಪುಣೆಯ ಬಾಳೇವಾಡಿ ಕ್ರೀಡಾ ಸಂಕೀರ್ಣ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ್ದು. ಬೆಂಗಳೂರು-ಮುಂಬಯಿ ಹೆದ್ದಾರಿಗೆ ಹತ್ತಿರ. ಮಹಾರಾಷ್ಟ್ರ ಸರ್ಕಾರದ ಬೆಂಬಲದೊಂದಿಗೆ 2018ರಿಂದ ಅಲ್ಲಿ ಮಹಾರಾಷ್ಟ್ರ ಓಪನ್ ನಡೆಯಿತು. ಕೊರೊನಾದಿಂದ 2021ರಲ್ಲಿ ಇಲ್ಲ. ಬೋಪಣ್ಣ ಅಲ್ಲೂ ಎರಡು ಸಲ ಡಬಲ್ಸ್ ಗೆದ್ದ. ಒಟ್ಟು ಐದೇ ಟೂರ್ನಿ. 2023ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಟ್ಯಾಲನ್ ಗ್ರೀಕ್‌ಸ್ಪೂರ್ ಗೆದ್ದ ನಂತರ ಅದೂ ನಿಂತಿತು. 2024ರ ಜನವರಿಯ ಕ್ಯಾಲೆಂಡರ್‌ನಲ್ಲಿ ಹಾಂಗ್‌ಕಾಂಗ್ ಇತ್ತು, ಪುಣೆ ಇರಲಿಲ್ಲ. ದಕ್ಷಿಣ ಏಷ್ಯಾಕ್ಕೆ ಇದ್ದ ಒಂದೇ ಒಂದು ಎಟಿಪಿ ಟೂರ್ನಿ ಹೀಗೆ ಕೈಬಿಟ್ಟಿತು.

ಬೆಂಗಳೂರಿಗೂ ಇಂಥ ಅನುಭವವಿದೆ. ಮಹಿಳೆಯರ ಡಬ್ಲ್ಯುಟಿಎ ಟೂರ್ನಿಯೊಂದು 2003ರಿಂದ 2005ರವರೆಗೆ ಹೈದರಾಬಾದಿನಲ್ಲಿತ್ತು, ಆಮೇಲೆ 2008ರವರೆಗೆ ಬೆಂಗಳೂರಿನಲ್ಲಿ. 2008ರಲ್ಲಿ ಕಬ್ಬನ್ ಪಾರ್ಕ್ ಪಕ್ಕದ ಅಂಗಣದಲ್ಲಿ ಸೆರೆನಾ ವಿಲಿಯಮ್ಸ್ ಅಕ್ಕ ವೀನಸ್‌ಳನ್ನು ಸೆಮಿಫೈನಲ್‌ನಲ್ಲಿ ಸೋಲಿಸಿ, ಪ್ರಶಸ್ತಿಯನ್ನೂ ಗೆದ್ದಳು. ಅಷ್ಟಕ್ಕೇ ಮುಗಿಯಿತು. ಸಾನಿಯಾ ಮಿರ್ಜಾ ಸಿಂಗಲ್ಸ್‌ನಲ್ಲಿ ಗೆದ್ದ ಒಂದೇ ಡಬ್ಲ್ಯುಟಿಎ ಪ್ರಶಸ್ತಿ ಯಾವುದು? 2005ರಲ್ಲಿ ಆಕೆಯ ಊರಾದ ಹೈದರಾಬಾದಿನಲ್ಲಿ ಗೆದ್ದದ್ದು. ತವರಿನ ಟೂರ್ನಿ ಬೇಕೆನ್ನುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನುಂಗಂಬಾಕ್ಕಂ ಮಾತ್ರ ಬೀಗ ಹಾಕಿಕೊಂಡು ಕೂತಿಲ್ಲ. 2022ರಲ್ಲಿ, ಮತ್ತೆ 2025ರಲ್ಲಿ ಮಹಿಳೆಯರ ಡಬ್ಲ್ಯುಟಿಎ ಟೂರ್ನಿ ಚೆನ್ನೈ ಓಪನ್ ಎಂಬ ಹಳೆಯ ಹೆಸರಿನಲ್ಲೇ ಅಲ್ಲಿ ನಡೆಯಿತು. ಮೊದಲ ಸಲ ಗೆದ್ದವಳು 17ರ ಹುಡುಗಿ, ಜೆಕ್ ಗಣರಾಜ್ಯದ ಲಿಂಡಾ ಫ್ರುಹ್ವಿರ್ತೋವಾ. ಪುರುಷರಿಗೆ ಅಲ್ಲಿ ಉಳಿದಿರುವುದು ಒಂದು ಮೆಟ್ಟಿಲು ಕೆಳಗಿನ ಚಾಲೆಂಜರ್. ಅದನ್ನು 2024ರ ಫೆಬ್ರುವರಿಯಲ್ಲಿ ಹರಿಯಾಣದ ಸುಮಿತ್ ನಗಾಲ್ ಗೆದ್ದ. ಬೆಂಗಳೂರಿನ ಚಾಲೆಂಜರನ್ನು 2017ರಲ್ಲಿ ಗೆದ್ದಿದ್ದವನೂ ಆತನೇ. ಚೆನ್ನೈಯ ಆ ಗೆಲುವಿನೊಂದಿಗೆ ನಗಾಲ್ ಮೊದಲ ಬಾರಿ ವಿಶ್ವದ ಮೊದಲ ನೂರು ಮಂದಿ ಆಟಗಾರರ ಪಟ್ಟಿ ಸೇರಿದ.